ಅಪ್ಪನ ಸಾಲಿನ ಖಾಲಿ ಜಾಗ

ಫಸ್ಟ್ ಇಯರ್ ನಾನು; ನಮ್ಮ ಕಾಲೇಜಿನ ವಾರ್‌ಗೇಮ್ ಕ್ಲಬ್ಬಿಗೆ ಇವತ್ತು ಹೆದರುತ್ತಲೇ ಹೋಗಿದ್ದೆ. ಬೆಂಗಳೂರಿನ ಸೀನಿಯರ್ ಒಬ್ಬ ಹಸಿರು ಪ್ಲಾಸ್ಟಿಕ್ ಸೈನಿಕರ ಡಬ್ಬಿ ತೆರೆದ. ಆ ವಾಸನೆಗೆ ದೇಹೂ ರೋಡಿನ ನಮ್ಮ ಮಿಲಿಟರಿ ಕ್ವಾರ್ಟರ್ಸಿನ ತಣ್ಣನೆಯ ನೆಲ ನೆನಪಾಯಿತು.

ಅಪ್ಪ ಹವಾಲ್ದಾರ್. ಭಾನುವಾರ ಮಧ್ಯಾಹ್ನ ಬನಿಯನ್ನಿನಲ್ಲೇ ಆ ನೆಲದ ಮೇಲೆ ಕೂತು, ಇಂಥವೇ ಸೈನಿಕರನ್ನಿಟ್ಟು ನನ್ನ ಜೊತೆ ಯುದ್ಧದಾಟ ಆಡುತ್ತಿದ್ದರು. ಒಂದು ಸೆಕ್ಷನ್ ಅಂದರೆ ಹತ್ತು ಜನ, ತಲೆಗೊಂದು ಡೈಸ್ ಎಸೆಯಬೇಕು. ನನಗೆ ಹತ್ತು ಕೊಟ್ಟು ತಾವು ಎಂಟೇ ಇಟ್ಟುಕೊಳ್ಳುತ್ತಿದ್ದರು, ಸಾಲಿನಲ್ಲಿ ಇಬ್ಬರ ಜಾಗ ಖಾಲಿ ಬಿಟ್ಟು. ಆ ಸಂದಿಯಲ್ಲೇ ನುಗ್ಗಿ ನಾನು ಪ್ರತಿ ಸಲ ಗೆಲ್ಲುತ್ತಿದ್ದೆ.

“ಸಂದಿ ಮುಚ್ಚಪ್ಪಾ! ನಿನಗ ಲಡಾಯಿ ಮಾಡಾಕ ಬರೂದೇ ಇಲ್ಲ,” ಎಂದು ಬಿದ್ದು ಬಿದ್ದು ನಗುತ್ತಿದ್ದೆ.

“ಇಬ್ರು ಸೂಟಿ ಮ್ಯಾಲ ಊರಿಗೆ ಹೋಗ್ಯಾರವ್ವಾ. ಅವರ ಜಾಗಾ ಹಂಗ ಇರ್ಲಿ.”

ಆಮೇಲೆ ನನ್ನನ್ನು ಹಾಸ್ಟೆಲ್ಲಿಗೆ ಹಾಕಿದರು, ಆಟ ನಿಂತಿತು. ಅಪ್ಪ ತೀರಿಕೊಂಡ ಮೇಲೆ, ಅವರ ಟ್ರಂಕು ತೆರೆದಾಗ ಅವ್ವ ಹೇಳಿದಳು: “ನಿಮ್ಮಪ್ಪನ ಸೆಕ್ಷನ್‌ನ್ಯಾಗ ಹತ್ತು ಮಂದಿ ಗಡಿಗೆ ಹೋಗಿದ್ರು. ಎಂಟೇ ಮಂದಿ ತಿರುಗಿ ಬಂದ್ರು.” ನಾನು ಎಷ್ಟು ನಕ್ಕಿದ್ದೆ ಅಂತ ಅವಳಿಗೆ ಹೇಳಲಿಕ್ಕೆ ಬಾಯಿ ಬರಲಿಲ್ಲ.

ಇವತ್ತು ನನ್ನ ಸಾಲಿನಲ್ಲಿ ಏಳು ಜನರನ್ನು ನಿಲ್ಲಿಸಿದೆ. ಅಪ್ಪ ಖಾಲಿ ಬಿಡುತ್ತಿದ್ದ ಆ ಎರಡು ಜಾಗದ ಪಕ್ಕ ಅಪ್ಪನಿಗೂ ಒಂದು ಬಿಟ್ಟೆ.

“ಮೂರು ಗ್ಯಾಪ್ ಯಾಕೆ ಬಿಟ್ಟೆ? ಹತ್ತೂ ಇಡು, ಇಲ್ಲಾಂದ್ರೆ ಸೋತೋಗ್ತೀಯ,” ಅಂದ ಸೀನಿಯರ್.

“ಮೂವರು ಸೂಟಿ ಮ್ಯಾಲ ಹೋಗ್ಯಾರ,” ಅಂದೆ. “ಅವರ ಜಾಗ ಹಂಗ ಇರ್ಲಿ.”