ಸೋಮವಾರದ ಗಾಡಿ ಎಣಿಕೆ

ಕೊಡಿಗೇಹಳ್ಳಿಗೆ ಬರಬೇಕಾಗಿದ್ದ ಸೇತುವೆಯನ್ನು ತಪ್ಪಿಸಿದವನು ನಾನು. ಲಂಚ ತಿನ್ನಲಿಲ್ಲ, ಒಂದು ಅಂಕಿಯನ್ನೂ ತಿದ್ದಲಿಲ್ಲ. ಎಣಿಸುವ ದಿನವನ್ನು ಆರಿಸಿಕೊಂಡೆ — ಅಷ್ಟೇ. ಆ ‘ಅಷ್ಟೇ’ಯ ಹಿಂದೆ ಇಷ್ಟು ವರ್ಷ ಅಡಗಿ ಕೂತಿದ್ದೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಹೈಸ್ಕೂಲು ಮುಗಿಸಿದ್ದ ನನಗೆ ಸರ್ಕಾರದ ರಸ್ತೆ ಕೆಲಸದಲ್ಲಿ ಎಣಿಕೆದಾರನ ನೌಕರಿ ಸಿಕ್ಕಿತ್ತು. ಅಲ್ಲಿಯವರೆಗೆ ಯಾವ ಊರಿಗೆ ರಸ್ತೆ, ಯಾವ ಊರಿಗೆ ಸೇತುವೆ ಎಂಬುದೆಲ್ಲ ದೊಡ್ಡವರ ಪರಿಚಯದ ಮೇಲೆ ನಡೆಯುತ್ತಿತ್ತು. ಆಗಷ್ಟೇ ರಾಜ್ಯದಲ್ಲಿ ಹೊಸ ಕಾಯಿದೆ ಬಂದಿತ್ತು — ಯಾವ ದಾರಿಯಲ್ಲಿ ಓಡಾಟ ಹೆಚ್ಚೋ ಆ ಕಾಮಗಾರಿ ಮೊದಲು. ನಮ್ಮಂಥವರು ದಾರಿಯ ಬದಿ ಒಂದು ದಿನ ಕೂತು ಗಾಡಿ ಎಣಿಸಬೇಕು. ಆ ಎಣಿಕೆಯೇ ತೀರ್ಪು. ನ್ಯಾಯವಾದ ಕಾಯಿದೆ. ಹಾಗೆಂದು ನಾನೇ ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದ್ದೆ. ಯಾವ ದಿನ ಕೂರಬೇಕೆಂಬುದನ್ನು ಮಾತ್ರ ಅದು ಹೇಳಿರಲಿಲ್ಲ.

ನನ್ನ ಪಾಲಿಗೆ ಬಂದದ್ದು ಎರಡು ಜಾಗ, ಸೇತುವೆ ಮಾತ್ರ ಒಂದೇ. ಒಂದು ಕೊಡಿಗೇಹಳ್ಳಿ — ಕೆರೆ ಕೋಡಿ ಬಿದ್ದರೆ ಅಲ್ಲಿ ತರಕಾರಿ ಗಾಡಿಗಳ ದಾರಿ ಮುಳುಗುತ್ತಿತ್ತು. ಇನ್ನೊಂದು ಮಾಕಳಿಯ ಒಳದಾರಿಯ ಹಳ್ಳ. ಮಾಕಳಿ ನನ್ನ ಹೆಂಡತಿಯ ತವರು. ನೆಂಟರೆಲ್ಲ ಉಣ್ಣುತ್ತಿದ್ದ ಪಂಕ್ತಿಯಲ್ಲಿ ಮಾವ ಕೇಳಿದ್ದರು: “ಅಳಿಯಂದ್ರೇ, ನಮ್ಮೂರಿಗೊಂದು ಸೇತುವೆ ತರ್ಸಕ್ಕಾಗ್ದಿದ್ರೆ, ದಾರೀಲಿ ಕೂತ್ಕೊಂಡು ನೀವೇನ್ ಕಾಗೆ ಎಣಿಸ್ತೀರಾ?” ಎಲ್ಲರೂ ನಕ್ಕರು. ನಾನೂ ನಕ್ಕೆ — ಮತ್ತೆ ಬಡಿಸಲು ಬಂದರೆ ಬೇಡವೆಂದೆ.

ಮಾಕಳಿಯಲ್ಲಿ ಸಂತೆಗೆ ಗಾಡಿ ಹೊರಡುವ ದಿನ ಕೂತೆ. ಕೊಡಿಗೇಹಳ್ಳಿಗೆ ಸೋಮವಾರ ಹೋದೆ. ಸೋಮವಾರ ಬಸವಣ್ಣನ ದಿನ. ಅಂದು ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಕಾರಿನಲ್ಲಿ ಓಡಾಡುವ ನಮ್ಮ ಮೇಲಿನವರಿಗೆ ಅದು ಗೊತ್ತಿರಲಿಲ್ಲ. ಬೇಸಾಯದ ಮನೆಯಲ್ಲಿ ಹುಟ್ಟಿದ ನನಗೆ — ಗೊತ್ತಿತ್ತು. ಗೊತ್ತಿದ್ದೇ ಹೋದೆ.

ಹೊಂಗೆ ಮರದಡಿ ಕೂತಿದ್ದೆ. ದಾರಿ ಬರಿದು. ಮುನಿಯಪ್ಪ ಎಂಬ ತರಕಾರಿ ಬೆಳೆಗಾರ ಕೆರೆಯಲ್ಲಿ ಎತ್ತು ತೊಳೆದುಕೊಂಡು ಬಂದ. ನನ್ನನ್ನು ಕಂಡು ಅವನಿಗೆ ನಗು.

“ಏನ್ ಸ್ವಾಮಿ, ಸೋಮಾರ ಬಂದು ಗಾಡಿ ಎಣಿಸ್ತೀರಲ್ಲ! ಇವತ್ತು ಎತ್ಗೋಳ್ಗೂ ರಜ ಕಣ್ರೀ. ನಾಳೀಕ್ ಬನ್ನಿ, ಎಣ್ಸಿ ಎಣ್ಸಿ ಸುಸ್ತಾಯ್ತೀರ.”

“ನಾಳೆನೂ ಬರ್ತೀನಿ. ಎರಡೂ ಸೇರ್ಸಿ ಬರ್ಕೋತೀನಿ,” ಅಂದೆ.

ಅವನು ಮನೆಗೆ ಹೋಗಿ ಮಜ್ಜಿಗೆ ತಂದುಕೊಟ್ಟ. ಕುಡಿದೆ.

ಮರುದಿನ ನಾನು ಹೋಗಲಿಲ್ಲ. ಮುನಿಯಪ್ಪ ಊರಿಗೆಲ್ಲ ಹೇಳಿ, ಪೇಟೆಗೆ ಹೊರಟ ಗಾಡಿಗಳನ್ನು ಆ ಮರದ ಹತ್ತಿರ ತಡೆದು ನಿಲ್ಲಿಸಿದ್ದನಂತೆ — ಒಂದೂ ತಪ್ಪದೆ ನನ್ನ ಕಣ್ಣಿಗೆ ಬೀಳಲೆಂದು. ಬಿಸಿಲೇರಿತು. ಸೊಪ್ಪು ಬಾಡಿತು. ಆ ದಿನದ ವ್ಯಾಪಾರ ಕೆಟ್ಟಿತು. ಅಂದಿನಿಂದ ಊರು ಅವನನ್ನು ‘ನಾಳೆ ಮುನಿಯಪ್ಪ’ ಎಂದು ಕರೆಯಿತು.

ಸೇತುವೆ ಮಾಕಳಿಗೆ ಹೋಯಿತು. ಮಾವ ನನಗೆ ಶಾಲು ಹೊದಿಸಿದರು.

ಮುಂದಿನ ಮಳೆಗಾಲ ಕೋಡಿ ಬಿದ್ದಾಗ ಮುನಿಯಪ್ಪನ ಗಾಡಿ ನೀರಿನಲ್ಲಿ ಮಗುಚಿತು. ಒಂದು ಎತ್ತು ಸತ್ತಿತು. ಚಕ್ರದಡಿ ಸಿಕ್ಕ ಅವನ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಒಮ್ಮೆ ಹೆಬ್ಬಾಳದಲ್ಲಿ ಕೋಲೂರಿಕೊಂಡು ಎದುರಾದ. ನಾನು ತಪ್ಪಿಸಿಕೊಳ್ಳುವಷ್ಟರಲ್ಲಿ ಅವನೇ ಕರೆದ.

“ಸ್ವಾಮಿ, ಅವತ್ತು ಉಷಾರಿರ್ಲಿಲ್ವಾ ನಿಮ್ಗೆ? ಬರ್ಲೇ ಇಲ್ಲ. ಬಿಡಿ... ನಮ್ಮೂರ್ಗೆ ಯಾಕ್ ಆಗ್ಲಿಲ್ಲ ಸೇತುವೆ?”

“ಎಣಿಕೇಲಿ ನಿಮ್ಮೂರು ಹಿಂದೆ ಬಿತ್ತು ಮುನಿಯಪ್ಪ.”

ಅವನು ಕೋಲನ್ನು ಇನ್ನೊಂದು ಕೈಗೆ ಬದಲಿಸಿದ. “ಅಂಗಾದ್ರೆ ನಾವ್ ಓಡಾಡೋದೇ ಕಮ್ಮಿ ಏನೋ... ನಮ್ಗೇ ಜಾಸ್ತಿ ಅನ್ಸಿತ್ತು,” ಅಂದ.

ಬೈದಿದ್ದರೆ — ಇಲ್ಲ, ಬೈದಿದ್ದರೂ ನಾನು ಸುಳ್ಳನ್ನೇ ಹೇಳುತ್ತಿದ್ದೆ. ತನ್ನ ಕಣ್ಣೆದುರು ದಿನವೂ ಓಡಾಡಿದ ಗಾಡಿಗಳನ್ನೇ ಅವನು ನಂಬದಂತೆ ಮಾಡಿದೆನಲ್ಲ...

ಮುನಿಯಪ್ಪ ತೀರಿಕೊಂಡ. ಅಡ್ಡಹೆಸರು ತೀರಲಿಲ್ಲ. ದಿನವನ್ನು ತಪ್ಪಾಗಿ ಕೇಳಿಸಿಕೊಂಡ ಅವನ ದಡ್ಡತನದಿಂದಲೇ ಸೇತುವೆ ತಪ್ಪಿತೆಂದು ಊರಿನ ಹಳಬರು ಅವನ ಮಗನೆದುರೇ ನಗುತ್ತಾರಂತೆ. ಆ ಹಳಬರು ಬದುಕಿರುವಾಗಲೇ ಅಲ್ಲಿಗೆ ಹೋಗುತ್ತೇನೆ. ಅವರ ಮುಂದೆ, ಆ ಮಗನ ಮುಂದೆ ನಿಂತು ಇಷ್ಟನ್ನೂ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ಅವನು ಕೈಯೆತ್ತಿದರೂ ಕದಲುವುದಿಲ್ಲ.