ಶೋಭಾರಾಣಿ ಮಿಸ್ ಓದಿದ ಕ್ಷಮಾಪಣೆ

ಮುಳಬಾಗಿಲಿನಿಂದ ಆಂಧ್ರದ ಗಡಿಯ ಕಡೆ ಹೋಗುವ ರಸ್ತೆಯಲ್ಲಿ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಿದೆ. ಶೋಭಾರಾಣಿ ಅಲ್ಲಿ ಏಳು ವರ್ಷದಿಂದ ಆರನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದರು. ಓದಿದ್ದು ಬಿ.ಎಸ್ಸಿ., ರಸಾಯನಶಾಸ್ತ್ರ. ಇಂಗ್ಲಿಷಿನ ಮೇಷ್ಟ್ರು ಬಿಟ್ಟುಹೋದಾಗ ಒಂದು ತಿಂಗಳ ಮಟ್ಟಿಗೆಂದು ಕೈಗೆ ಬಂದ ಪಾಠ ಅವರಲ್ಲೇ ಉಳಿದುಹೋಯಿತು.

ಟೆನ್ಸ್ ಎಂದರೆ ಮಕ್ಕಳಿಗೆ ಜ್ವರ. ಹನ್ನೆರಡು ಹೆಸರೂ ಬಾಯಿಪಾಠ. ಒಂದು ವಾಕ್ಯ ಕಟ್ಟು ಎಂದರೆ ಬಾಯಿ ಬಂದ್. ಶೋಭಾರಾಣಿ ಲ್ಯಾಬಿನಲ್ಲಿ ಲವಣ ಪರೀಕ್ಷೆ ಮಾಡುವವರ ಹಾಗೆ ಮನೆಮಾತನ್ನು ಬಿಡಿಸಿ ನೋಡಿದರು. 'ದಿನಾ ತೋಟಕ್ಕೆ ಹೋಗ್ತೀನಿ', 'ನಾಳೆ ತೋಟಕ್ಕೆ ಹೋಗ್ತೀನಿ': ಕನ್ನಡವಾಗಲಿ ತೆಲುಗಾಗಲಿ, ನಮ್ಮಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ, ಇಂಗ್ಲಿಷಿಗೆ ಎರಡು ಬೇಕು. ಇಲ್ಲಿ ಕಾಲ ಹೇಳುವುದು 'ದಿನಾ', 'ನಾಳೆ' ಎಂಬ ಪುಟ್ಟ ಪದ. ಅದನ್ನು ಮೊದಲು ಹಿಡಿಯಿರಿ ಎಂದರು. 'ಬೆಳಗ್ಗೆಯಿಂದ ಟೊಮೆಟೊ ಬಿಡಿಸ್ತಾನೇ ಇದ್ದಾರೆ' ಎಂಬುದರಲ್ಲಿ ನಾವು ಒಂದು 'ನೇ' ಹಾಕಿ ಮುಗಿಸುವ ಕೆಲಸಕ್ಕೆ ಇಂಗ್ಲಿಷಿನವರು 'ಹ್ಯಾವ್ ಬೀನ್' ಎಂದು ಎರಡು ಪದ ದಂಡ ತೆರುತ್ತಾರೆ ಎಂದಾಗ ಮಕ್ಕಳು ನಕ್ಕವು.

ಅಲ್ಲಿಂದ ಒಂದು ಪದ್ಧತಿ ಬೆಳೆಯಿತು. ಮಿಸ್ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿ ನಿಲ್ಲಿಸಬೇಕು. ಇಡೀ ತರಗತಿ ಅದನ್ನು ತೆಲುಗಿನಲ್ಲಿ ಕೂಗಬೇಕು. ಮೂವತ್ತೆಂಟು ಮಕ್ಕಳಲ್ಲಿ ಮೂವತ್ತೊಂದು ಮಕ್ಕಳ ಮನೆಯ ಮಾತು ತೆಲುಗೇ, ಗಡಿಯ ಊರಾದ್ದರಿಂದ ಉಳಿದ ಏಳಕ್ಕೂ ಅದು ಬರುತ್ತಿತ್ತು. ಎಲ್ಲರಿಗಿಂತ ಮೊದಲು ಕೂಗುತ್ತಿದ್ದವಳು ಧನಶ್ರೀ.

ಈ ಕೂಗನ್ನು ಯಾರೋ ಪೋಷಕರು ಕಿಟಕಿಯ ಆಚೆಯಿಂದ ಫೋನಿನಲ್ಲಿ ಹಿಡಿದು ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕಿದರು. ಶಾಲೆಯ ಕಾರ್ಯದರ್ಶಿ ಚಂದ್ರಮೋಹನ್ ಶೋಭಾರಾಣಿಯನ್ನು ಕರೆಸಿದರು.

"ಏನಮ್ಮಾ ಇದು? ಬೋರ್ಡಲ್ಲಿ ತೆಲುಗು ಸ್ಕೂಲ್ ಅಂತ ಬರೆಸಿದೀನಾ?"

"ಸಾರ್, ಮಾರ್ಕ್ಸ್ ನೋಡಿ. ಮುಂಚೆ ಹನ್ನೊಂದು ಜನ ಫೇಲಾಗೋರು. ಈಗ ಒಬ್ರೂ ಇಲ್ಲ."

"ಮಾರ್ಕ್ಸ್ ಯಾರಿಗ್ ಬೇಕಮ್ಮಾ? ಪೇರೆಂಟ್ಸ್ ಬಂದ್ ನಿಂತ್ರೆ ಒಳಗಿಂದ ಇಂಗ್ಲಿಷ್ ಕೇಳಿಸ್ಬೇಕು. ತೆಲುಗು ಕೇಳಕ್ಕೆ ಅವ್ರ ಮನೇಲಿ ಮುದುಕೀರಿಲ್ವಾ?"

ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಕ್ಷಮಾಪಣೆಯ ಹಾಳೆಯೊಂದನ್ನು ಮುಂದೆ ತಳ್ಳಿದರು. ಸೋಮವಾರ ತರಗತಿಯಲ್ಲಿ ಅದನ್ನು ಓದಬೇಕು. ವಿಡಿಯೊ ಮಾಡಿ ಗುಂಪಿಗೆ ಹಾಕುತ್ತಾರೆ. ಓದಿದರೆ ಜೂನಿನಲ್ಲಿ ಕೆಲಸ ಖಾಯಂ. ಓದದಿದ್ದರೆ ಜೂನಿನಿಂದ ಬರುವುದು ಬೇಡ.

ಗಂಡ ಭೀಮರಾಜ್‌ಗೆ ವೇಮಗಲ್ಲಿನ ಕಾರ್ಖಾನೆಯಲ್ಲಿದ್ದ ಕೆಲಸ ಸಂಕ್ರಾಂತಿಗೇ ಹೋಗಿತ್ತು. ಮನೆ ನಡೆಯುತ್ತಿದ್ದುದು ಶೋಭಾರಾಣಿಯ ಸಂಬಳದಲ್ಲಿ.

"ಓದ್ಬಿಡೇ. ಮೂರು ಲೈನು, ನಾಲಿಗೆ ಸವೀತದಾ?" ಎಂದ ಭೀಮರಾಜ್.

"ಮಕ್ಕಳ ಮುಂದೆ ಕಣ್ರೀ."

"ಇಂಗ್ಲಿಷಲ್ಲಿ ತಾನೆ? ಅವುಕ್ಕೆ ಏನ್ ಅರ್ಥ ಆಗ್ತದೆ?"

"ಆಗುತ್ತೆ," ಎಂದರು ಶೋಭಾರಾಣಿ. "ನಾನೇ ಕಲಿಸಿರೋದು."

ಸೋಮವಾರ ಮಕ್ಕಳಿಗೆ ಮೊದಲೇ ಒಂದು ಮಾತು ಹೇಳೋಣವೆಂದು ಬೇಗ ಹೋದರು. ಚಂದ್ರಮೋಹನ್ ಆಗಲೇ ಫೋನು ಹಿಡಿದು ಬಾಗಿಲಲ್ಲಿದ್ದರು.

ಇಷ್ಟು ವರ್ಷ ನಾನು ತಪ್ಪಾಗಿ ಕಲಿಸಿದೆ ಎಂಬುದು ಮೊದಲ ವಾಕ್ಯ. ಇಂಗ್ಲಿಷಿನಲ್ಲಿ ಅದನ್ನು ಓದಿ ಶೋಭಾರಾಣಿ ಉಸಿರು ತೆಗೆದುಕೊಳ್ಳಲು ನಿಂತರು. ಮಕ್ಕಳು ಅದನ್ನು ದಿನದ ಪಾಠವೆಂದುಕೊಂಡವು.

"ಇನ್ನೇಂಡ್ಲು ನೇನು ತಪ್ಪುಗಾ ನೇರ್ಪಿನಾನು!" ಮೂವತ್ತೆಂಟು ಗಂಟಲು ಒಟ್ಟಿಗೆ ಕೂಗಿದವು.

ಅದಕ್ಕಾಗಿ ನಾಚಿಕೆಪಡುತ್ತಿದ್ದೇನೆ ಎಂಬ ಎರಡನೆಯದನ್ನು ಅವಸರದಲ್ಲಿ ಓದಿದರು. "ಸಿಗ್ಗುಪಡ್ತಾ ಉಂಡಾನು!" ಕಾಲ ಒಂದೂ ತಪ್ಪಿರಲಿಲ್ಲ. ಇನ್ನೆಂದೂ ಹೀಗೆ ಮಾಡುವುದಿಲ್ಲ ಎಂಬ ಮೂರನೆಯದಕ್ಕೆ ಉಳಿದವರು ಬಾಯಿ ತೆರೆಯುವಷ್ಟರಲ್ಲಿ ಧನಶ್ರೀ ಎದ್ದುನಿಂತು, "ಇಂಕೆಪ್ಪುಡೂ ಇಟ್ಲ ಚೆಯ್ಯನು! ಕರೆಕ್ಟಾ ಮಿಸ್?" ಎಂದಳು.

ಚಂದ್ರಮೋಹನ್ ಫೋನು ಕೆಳಗಿಳಿಸಿದರು. "ಹೇಳಿಕೊಟ್ಟು ಕೂರಿಸಿದೀಯಾ? ನನ್ನೇ ಆಡಿಸ್ತೀಯಾ?"

"ಇಲ್ಲ ಸಾರ್, ಅವ್ರಿಗೆ ಅಭ್ಯಾಸ..."

"ಅಭ್ಯಾಸಾನಾ? ಬಿಡಿಸು. ಈಗ. ನನ್ ಮುಂದೆ." ಫೋನು ಮತ್ತೆ ಮೇಲೆದ್ದಿತು.

ಶೋಭಾರಾಣಿ ಧನಶ್ರೀಯ ಹತ್ತಿರ ಹೋದರು. ಹುಡುಗಿ ಶಭಾಷ್‌ಗಿರಿಗೆ ಕಾದು ನಗುತ್ತಿದ್ದಳು. ಏಳು ವರ್ಷದಲ್ಲಿ ಯಾವ ಮಗುವಿನ ಮೇಲೂ ಏಳದಿದ್ದ ಕೈ ಅವಳ ಎಡಗೆನ್ನೆಗೆ ಬಿತ್ತು. ನಗು ಹೋಗಲು ಒಂದು ಕ್ಷಣ ತಡವಾಯಿತು. ಕೆನ್ನೆ ಕೆಂಪಾದ ಮೇಲೂ ತುಟಿಯಲ್ಲಿ ಅದು ಸ್ವಲ್ಪ ಉಳಿದಿತ್ತು.

ಹಾಳೆಯನ್ನು ಮೊದಲಿನಿಂದ ಓದಿದರು. ಮೂರು ವಾಕ್ಯ. ಒಂದೊಂದರ ಕೊನೆಗೂ ಅವರಿಗೇ ಗೊತ್ತಿಲ್ಲದಂತೆ ನಿಂತರು. ಯಾರೂ ಉಸಿರೆತ್ತಲಿಲ್ಲ.

ಊಟದ ಬೆಲ್ಲಿಗೆ ಮುಂಚೆಯೇ ವಿಡಿಯೊ ಗುಂಪಿಗೆ ಹೋಯಿತು. ಹೊಡೆತವನ್ನು ಕತ್ತರಿಸಿರಲಿಲ್ಲ. ಮೊದಲ ಉತ್ತರ ಧನಶ್ರೀಯ ಅಪ್ಪನದು: ಇನ್ನೆರಡು ಹಾಕಬೇಕಿತ್ತು ಮಿಸ್. ಬರೆದಿದ್ದು ತೆಲುಗಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ.

ಜೂನಿನಲ್ಲಿ ಕೆಲಸ ಖಾಯಮಾಯಿತು. ಧನಶ್ರೀ ಈಗ ಏಳನೇ ತರಗತಿ. ಎದುರಾದರೆ ತಲೆ ಎತ್ತದೆ "ಗುಡ್ ಮಾರ್ನಿಂಗ್ ಮಿಸ್" ಎನ್ನುತ್ತಾಳೆ. ಸಂಜೆ ಸಿಕ್ಕರೂ ಅದೇ. ಶೋಭಾರಾಣಿ ತಿದ್ದುವುದಿಲ್ಲ.