ಮೂರು ಪಟ್ಟೆಯ ತುಕ್ಕು

ಅಪ್ಪನ ರಿವಾಲ್ವರ್ ಲೈಸೆನ್ಸ್ ಸಮೇತ ನನ್ನ ಹೆಸರಿಗೆ ಬಂದಾಗ ಅದರ ನಂಬರೇ ತುಕ್ಕಿನಡಿ ಮುಚ್ಚಿಹೋಗಿತ್ತು. ನಂಬರು ಕಾಣದಿದ್ದರೆ ಲೈಸೆನ್ಸ್ ರಿನ್ಯೂ ಆಗುವುದಿಲ್ಲ. ರಿಟೈರಾದವನಿಗೆ ಪುರುಸೊತ್ತಿಗೇನು ಬರ? ನಾನೇ ಉಪ್ಪುಕಾಗದ ಹಿಡಿದು ಕೂರುವವನಿದ್ದೆ. ಆದರೂ ಯಾಕೋ ಅನುಮಾನವಾಗಿ ಹುಣಸೂರಿನ ಬಂದೂಕು ರಿಪೇರಿಯವರ ಹತ್ತಿರ ಹೋದೆ.

“ಉಪ್ಪುಕಾಗದ್ದಲ್ಲಿ ಉಜ್ಜಿದ್ದಿದ್ರೆ ತುಕ್ಕಿನ ಜೊತೆ ನಂಬರೂ ಓಯ್ತಿತ್ತು ಕಣ್ರೀ ಸಾರ್” ಎಂದು ಅವರು ಎಣ್ಣೆ ಹಚ್ಚಿದರು. ಆಮೇಲೆ ಕನ್ನಡಕ ಏರಿಸಿ, “ಇದೇನ್ರೀ, ತುಕ್ಕು ಮೂರು ಪಟ್ಟೆಯಾಗಿ ಕೂತದೆ?” ಎಂದರು.

“ವಿಭೂತಿ. ಅಪ್ಪ ಪ್ರತಿ ಆಯುಧಪೂಜೆಗೂ ನೀರಲ್ಲಿ ಕಲಸಿ ಹಚ್ಚುತ್ತಿದ್ದರು. ಒರೆಸಬಾರದು ಅಂತ ಹಾಗೇ ಪೆಟ್ಟಿಗೆಯಲ್ಲಿಡುತ್ತಿದ್ದರು” ಎಂದೆ.

“ಗುಂಡು ಎಷ್ಟು ಸಲ ಹೊಡೆದಿದ್ರು?”

“ಒಂದು ಸಲವೂ ಇಲ್ಲ.”

“ಪೂಜೆ ಮಾಡೇ ಇದನ್ನ ಸಾಯಿಸವ್ರೆ ಬುಡಿ!”

ಅವರು ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೆಲ್ಲಗೆ ತಿಕ್ಕುತ್ತ ಹೋದರು. ಅಂಕಿಗಳು ಒಂದೊಂದಾಗಿ ಮೂಡಿದವು, ನಾನು ಲೈಸೆನ್ಸ್ ಪುಸ್ತಕ ಹಿಡಿದು ತಾಳೆ ನೋಡಿದೆ. ಕೊನೆಯದೂ ಸರಿಹೋದಾಗ ಎಸ್ಸೆಸ್ಸೆಲ್ಸಿ ಪಾಸಾದಷ್ಟು ಖುಷಿಯಾಯಿತು.

ಬಣ್ಣ ಹಾಕಲು ಅಲ್ಲೇ ಕೊಟ್ಟು ಬಂದು ವಾರ ಬಿಟ್ಟು ಹೋದರೆ, ರಿವಾಲ್ವರ್ ಹೊಸ ಕಪ್ಪು ಬಣ್ಣದಲ್ಲಿ ಮಿರಮಿರ ಮಿಂಚುತ್ತಿತ್ತು. ಕೊಡುವ ಮುಂಚೆ ಅವರು ದೇವರ ಪಟಕ್ಕೆ ಕೈಮುಗಿದು, ವಿಭೂತಿ ಬಟ್ಟಲಿಗೆ ಮೂರು ಬೆರಳು ಅದ್ದಿ, ನೇರ ರಿವಾಲ್ವರಿನ ನಳಿಗೆಗೇ ತಂದರು. ನಾನು ಹೌಹಾರಿ ಕೈ ಹಿಡಿದೆ.

“ಅಭ್ಯಾಸಬಲ ಕಣ್ರೀ” ಎಂದು ನಾಲಿಗೆ ಕಚ್ಚಿಕೊಂಡವರು ಆ ವಿಭೂತಿಯನ್ನು ನನ್ನ ಹಣೆಗೆ ಎಳೆದರು.